ಯಾರದ್ದೂ ಅಲ್ಲದ ಕಣ್ಣು

ಕಿಟಕಿಯ ಸರಳು ಬಗ್ಗಿದ್ದು ಒಂದು ಬೆಳಿಗ್ಗೆ, ಚಹಾ ಕುಡಿಯುವ ಹೊತ್ತಿಗೆ. ಕುಲಶೇಖರದಲ್ಲಿರುವ ನಮ್ಮ ಮನೆಯ ಎದುರಿನ ಕೋಣೆಯ ಕಿಟಕಿ ಅದು. ಅದರ ಕಬ್ಬಿಣದ ಸರಳುಗಳು ನೆಟ್ಟಗೆ ನಿಂತು ಎಷ್ಟೋ ವರ್ಷವಾಗಿತ್ತು. ಅವತ್ತು ನಡುವಿನ ಸರಳುಗಳು ಹೊಟ್ಟೆ ಉಬ್ಬಿಸಿಕೊಂಡು ನಿಂತ ಹಾಗೆ ಕಂಡವು. ಎದ್ದು ಹೋಗಿ ಮುಟ್ಟಿ ನೋಡಿದೆ. ಕೈಗೆ ನೆಟ್ಟಗೆ, ಕಣ್ಣಿಗೆ ಡೊಂಕು.

"ಅಕ್ಕ, ಈ ಸರಳು ಯಾರು ಬಗ್ಗಿಸಿದ್ದು?" ಎಂದು ಕೇಳಿದೆ.

"ಕಳ್ಳ ಬಂದಿದ್ದ. ಒಳಗೆ ನಿನ್ನನ್ನು ನೋಡಿ ಎಂತ ಸಿಗ್ಲಿಕ್ಕಿಲ್ಲ ಅಂತ ವಾಪಸ್ ಹೋದ" ಅಂದಳು ಅಡುಗೆಮನೆಯಿಂದ. "ಚಹಾ ತಣಿಯುತ್ತದೆ, ಕುಡಿ ಮಾರಾಯ."

ನಾನು ಕುಡಿಯಲಿಲ್ಲ. ಯಾಕೆಂದರೆ ನನಗೆ ಇರುವುದೇ ಒಂದು ಕಣ್ಣು. ಇನ್ನೊಂದು, ಎಡಗಡೆಯದ್ದು, ಬೋಟಿಗೆ ಹೋಗುತ್ತಿದ್ದ ಪ್ರಾಯದಲ್ಲೇ ಹೋಯಿತು. ಬಲೆ ಎಳೆಯುವಾಗ ಹಗ್ಗ ತುಂಡಾಗಿ ಅದರ ತುದಿಯ ಕಬ್ಬಿಣದ ಕೊಂಡಿ ಬಂದು ಬಡಿದಿತ್ತು. ಆಮೇಲೆ ಕಡಲು ಬಿಟ್ಟು ದಡಕ್ಕೆ ಬಂದೆ. ಬಂದರಿನ ದಕ್ಕೆಯಲ್ಲಿ, ಅಂದರೆ ಬೋಟುಗಳು ಬಂದು ಮೀನು ಇಳಿಸುವ ಕಟ್ಟೆಯಲ್ಲಿ, ಮೀನಿನ ಏಲಂ ಕೂಗುವ ಕೆಲಸ. ಅಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರು ಕಡಿಮೆ. "ಒಕ್ಕಣ್ಣ ಬಂದ, ಇನ್ನು ರೇಟು ಏರಿತು" ಎಂದು ಬುಟ್ಟಿಯ ಹೆಂಗಸರು ನಗುತ್ತಿದ್ದರು. "ಮೀನು ನೋಡ್ಲಿಕ್ಕೆ ಒಂದು ಸಾಕು, ನಿಮ್ಮನ್ನು ನೋಡ್ಲಿಕ್ಕೆ ಇನ್ನೊಂದು ಯಾಕೆ?" ಎಂದು ನಾನೂ ಬಿಡುತ್ತಿರಲಿಲ್ಲ. ಅಷ್ಟು ಧೈರ್ಯದ ಮಾತು ಆಡುತ್ತಿದ್ದದ್ದು ಆ ಒಂದು ಕಣ್ಣಿನ ಬಲದಿಂದ. ಈಗ ಅದಕ್ಕೇ ಎಂತದೋ ಆಗಿದೆ.

ಮನೆಯಲ್ಲಿ ನಾವು ಮೂವರು. ಗಂಡ ತೀರಿಹೋದ ನನ್ನ ಅಕ್ಕ, ಅವಳ ಮಗಳು, ಮದುವೆಯಾಗದೆ ಉಳಿದ ನಾನು. ನಮ್ಮ ಕಡೆ ಹಿಂದಿನಿಂದಲೂ ಅಕ್ಕತಂಗಿಯ ಮನೆಯೇ ಗಂಡಸಿಗೆ ಮನೆ. ಸೋದರಮಾವನೇ ಯಜಮಾನ ಎಂದು ಲೆಕ್ಕ. ಈಗ ಯಜಮಾನಿಕೆ ಅಕ್ಕನದ್ದು, ಮೀನು ತರುವ ಕೆಲಸ ನನ್ನದು. ಮನೆಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆದರೆ ಹೆದರಿಕೆಯ ಮಾತು ಬಂದಾಗೆಲ್ಲ ನಾಲಿಗೆ 'ಪೋಡಿಗೆ' ಎಂದೇ ಹೇಳುತ್ತದೆ. ನನಗೆ ಮಾತು ಕಲಿಸಿದ್ದು ಕಡಲ ಬದಿಯ ಮುದುಕಿಯರು. ಅವರು ಪೋಡಿಗೆ ಎನ್ನುವಾಗ ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು. ಅದು ಇರುವ ಜಾಗ ಅದೇ ಎಂದು ನನಗೆ ಆ ಬೆಳಿಗ್ಗೆ ಗೊತ್ತಾಯಿತು.

ಕಣ್ಣಿನ ಡಾಕ್ಟರಮ್ಮ ಒಳ್ಳೆಯವರು. ಯಂತ್ರದಲ್ಲಿ ಗಲ್ಲ ಇಡಿಸಿ ಫೋಟೋ ತೆಗೆದು, ಕಣ್ಣಿನ ಹಿಂಬದಿಯ ಪರದೆಯನ್ನು ತೋರಿಸಿದರು. ನೆಟ್ಟಗಿರಬೇಕಾದ ಗೆರೆಯ ಅಡಿಯಲ್ಲಿ ಒಂದು ಗುಳ್ಳೆ.

"ವಯಸ್ಸಿಗೆ ಬರುವುದು ಇದು. ಬೇಡದ ಸಣ್ಣ ಸಣ್ಣ ರಕ್ತನಾಳ ಹುಟ್ಟಿ ನೀರು ಒಸರುತ್ತಾ ಉಂಟು. ಹಾಗೇ ಬಿಟ್ಟರೆ ನಡುವಿನ ದೃಷ್ಟಿ ಹೋಗ್ತದೆ. ಮದ್ದು ಉಂಟು, ಇಂಜೆಕ್ಷನ್."

ನಾನು ಅಂಗಿಯ ತೋಳು ಮೇಲೆ ಮಡಚಿದೆ.

"ಕೈಗಲ್ಲ" ಅಂದರು.

ನಾನು ಸ್ವಲ್ಪ ಹೊತ್ತು ಯೋಚಿಸಿ, ಎದ್ದು ಪಂಚೆ ಸರಿಮಾಡಿಕೊಂಡೆ. "ಅಲ್ಲಿಗೂ ಅಲ್ಲ" ಅಂದರು. ಪಕ್ಕದಲ್ಲಿದ್ದ ನರ್ಸ್ ಬಾಯಿಗೆ ಕೈ ಇಟ್ಟುಕೊಂಡಳು. ಆಗ ಹೇಳಿದರು, ಕಣ್ಣಿಗೇ ಎಂದು. ತಿಂಗಳಿಗೊಮ್ಮೆ, ಸದ್ಯಕ್ಕೆ.

ಆ ದಿನ ಅಕ್ಕ ಬಂಗುಡೆಯ ಪುಳಿಮುಂಚಿ, ಅಂದರೆ ಹುಳಿ ಖಾರದ ಸಾರು, ಮಾಡಿದ್ದಳು. ತಲೆಯ ತುಂಡು ನನಗೆಂದೇ ಬರುವುದು ರೂಢಿ. ಚಿಕ್ಕಂದಿನಿಂದ ಮೀನಿನ ತಲೆ ಚೀಪಿ, ಕಣ್ಣು ತಿಂದು, ಒಳಗಿನ ಬಿಳಿ ಗುಂಡು ಉಗಿದು ಬೆಳೆದವನು ನಾನು. ಕಣ್ಣಿಗೆ ಒಳ್ಳೆಯದು ಎಂದು ಅಜ್ಜಿ ತಿನ್ನಿಸಿದ್ದು. ಅವತ್ತು ಬಟ್ಟಲಿನಿಂದ ಬಂಗುಡೆ ನನ್ನನ್ನೇ ನೋಡುತ್ತಿತ್ತು. ತಟ್ಟೆ ಸರಿಸಿ ಎದ್ದುಬಿಟ್ಟೆ.

"ಎಂತ ಆಯ್ತು? ಖಾರ ಆಯ್ತಾ?" ಅಕ್ಕ ಕೇಳಿದಳು.

"ಕಣ್ಣಿಗೆ ಸೂಜಿ ಹಾಕ್ತಾರಂತೆ."

ಅಕ್ಕ ಸೌಟು ಹಿಡಿದುಕೊಂಡೇ ಕುಳಿತುಬಿಟ್ಟಳು.

ಸಂಜೆ ಸೊಸೆ, ಅಂದರೆ ಅಕ್ಕನ ಮಗಳು, ಕೆಲಸದಿಂದ ಬಂದಳು. ಅವಳು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ರಿಸರ್ಚ್ ಮಾಡುವವಳು. ಅದೇನು ರಿಸರ್ಚ್ ಎಂದು ನಮ್ಮಿಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. "ಕಂಪ್ಯೂಟರಿನಲ್ಲಿ ಕಣ್ಣಿನದ್ದು ಎಂತದೋ" ಎಂದು ಅಕ್ಕ ನೆರೆಮನೆಯವರಿಗೆ ಹೇಳಿ, ಅವರು ಕನ್ನಡಕದ ಅಂಗಡಿ ಎಂದು ತಿಳಿದು ರಿಯಾಯಿತಿ ಸಿಗುತ್ತದಾ ಎಂದು ಕೇಳಿಯೂ ಆಗಿತ್ತು. ವಿಷಯ ಕೇಳಿದವಳೇ ಚೀಲ ಇಡದೆ ನನ್ನ ಎದುರು ಕುಳಿತಳು.

"ಮಾವ, ನಾನು ದಿನಾ ಮಾಡುದು ಇದೇ. ಈ ಮದ್ದು ಕಣ್ಣಿನ ಒಳಗೆ ಹೋದ ಮೇಲೆ ಎಲ್ಲಿಗೆ ಹೋಗ್ತದೆ, ಎಷ್ಟು ದಿನ ಉಳೀತದೆ ಅಂತ ಲೆಕ್ಕ ಹಾಕುದು. ಬದುಕಿದ ಮನುಷ್ಯನ ಕಣ್ಣು ಬಿಚ್ಚಿ ನೋಡ್ಲಿಕ್ಕೆ ಆಗುದಿಲ್ಲ ಅಲ್ಲವಾ, ಅದಕ್ಕೆ ಕಂಪ್ಯೂಟರಿನಲ್ಲಿ ಒಂದು ಕಣ್ಣು ಮಾಡುದು."

ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ನಾನು ಮೂಗು ತಾಗುವಷ್ಟು ಹತ್ತಿರ ಬಗ್ಗಿದೆ. ಎಳನೀರಿನ ಕಾಯಿಯನ್ನು ನಡುವೆ ಸೀಳಿದ ಹಾಗೆ ಒಂದು ಕಣ್ಣು. ಅದರ ಮೈತುಂಬಾ ಬಲೆಯ ಕಣ್ಣುಗಳ ಹಾಗೆ ಸಣ್ಣ ಸಣ್ಣ ತ್ರಿಕೋನಗಳು. ಒಂದೊಂದು ತ್ರಿಕೋನದಲ್ಲೂ ಎಷ್ಟು ಮದ್ದು ಉಂಟು ಎಂದು ಲೆಕ್ಕವಂತೆ. ಅವಳು ಏನೋ ಒತ್ತಿದಳು. ಒಂದು ಬದಿಯಲ್ಲಿ ಕೆಂಪು ಚುಕ್ಕೆ ಮೂಡಿತು. ಅದು ಮೆಲ್ಲಗೆ ಅಗಲವಾಯಿತು, ಕಿತ್ತಳೆಯಾಯಿತು, ಹಳದಿಯಾಗಿ ಇಡೀ ಕಣ್ಣಿಗೆ ಹರಡಿತು. ಮದ್ದು ಮುಗಿದ ಕಡೆ ನೀಲಿ.

"ಉಪ್ಪಿನಲ್ಲಿ ಇಟ್ಟ ಮೀನಿಗೆ ಉಪ್ಪು ಹಿಡಿದ ಹಾಗೆ" ಅಂದಳು ಅಕ್ಕ, ನನ್ನ ಹೆಗಲ ಮೇಲಿಂದ ಇಣುಕಿ.

"ಸುಮಾರು ಹಾಗೆಯೇ ಅಮ್ಮ. ಒಳಗೆ ಲೋಳೆ ಉಂಟು. ಮದ್ದು ಆ್ಯಂಟಿಬಾಡಿ, ದೊಡ್ಡ ಗಾತ್ರದ್ದು, ಅದಕ್ಕೆ ನಿಧಾನ."

"ಹೊರಗೆ ಹೇಗೆ ಹೋಗುದು?" ನಾನು ಕೇಳಿದೆ.

"ಹಿಂಬದಿಯ ಪರದೆಯಲ್ಲಿ ತೂರಿ ಹೋಗ್ಲಿಕ್ಕೆ ದೊಡ್ಡದಕ್ಕೆ ಕಷ್ಟ. ಹೆಚ್ಚಿನದ್ದೆಲ್ಲ ಮುಂದಿನಿಂದ. ಕಣ್ಣಿನ ಮುಂದುಗಡೆ ಒಂದು ನೀರು ಹರಿಯುತ್ತಾ ಇರ್ತದೆ, ಅದರ ಜೊತೆ ಮೂಲೆಯಲ್ಲಿ ಒಂದು ಸಣ್ಣ ದಾರಿಯಲ್ಲಿ ಹೋಗ್ತದೆ."

"ಅಳಿವೆ ಬಾಗಿಲು" ಅಂದೆ. ಹೊಳೆ ಕಡಲಿಗೆ ಸೇರುವ ಆ ಇಕ್ಕಟ್ಟಿನ ಜಾಗದಲ್ಲಿ ಬೋಟು ದಾಟಿಸಿದವನಿಗೆ ಅದು ಥಟ್ಟನೆ ತಿಳಿಯಿತು.

ಅವಳು ನಕ್ಕಳು. "ಹೌದು ಮಾವ. ದಾರಿ ಅಷ್ಟೇ ಇರುವುದರಿಂದ ಮದ್ದು ತುಂಬ ದಿನ ಒಳಗೆ ಉಳೀತದೆ. ಅದೇ ನಮಗೆ ಬೇಕಾದದ್ದು. ಇನ್ನೂ ಹೆಚ್ಚು ಉಳಿಯುವ ಹಾಗೆ ಮಾಡಿದರೆ ಇಂಜೆಕ್ಷನ್ ಕಡಿಮೆ ಮಾಡಬಹುದು. ನಾವು ಇಷ್ಟೆಲ್ಲ ಮಾಡುದು ಅದಕ್ಕೇ."

"ಇದು ಯಾರ ಕಣ್ಣು?"

"ಯಾರದ್ದೂ ಅಲ್ಲ. ಸರಾಸರಿ ಕಣ್ಣು."

ನನಗೆ ಅದು ಸಮಾಧಾನ ಕೊಡಲಿಲ್ಲ. ಆ ಪರದೆಯ ಕಣ್ಣಿಗೆ ರೆಪ್ಪೆ ಇರಲಿಲ್ಲ, ನೀರು ಬರುತ್ತಿರಲಿಲ್ಲ, ಅದು ಹೆದರಿ ಮುಚ್ಚಿಕೊಳ್ಳುತ್ತಿರಲಿಲ್ಲ. ಸೂಜಿ ಚುಚ್ಚಿದ ಜಾಗದಲ್ಲಿ ಒಂದು ಕೆಂಪು ಚುಕ್ಕೆ ಮಾತ್ರ, ಆಮೇಲೆ ಬಣ್ಣ. ಅಷ್ಟು ಸುಲಭವಾ ಇದು?

ಅಷ್ಟು ಸುಲಭ ಇರಲಿಲ್ಲ. ಮೊದಲ ಸಲ ಆ ಮೇಜಿನ ಮೇಲೆ ಮಲಗಿದಾಗ ಮುಖಕ್ಕೆಲ್ಲ ಬಟ್ಟೆ, ಕಣ್ಣಿನ ಜಾಗದಲ್ಲಿ ಮಾತ್ರ ತೂತು. ಮರಗಟ್ಟುವ ಹನಿ, ಆಮೇಲೆ ಕಂದು ಬಣ್ಣದ ಇನ್ನೊಂದು ಹನಿ, ಆಮೇಲೆ ರೆಪ್ಪೆ ಮುಚ್ಚದ ಹಾಗೆ ಒಂದು ತಂತಿಯ ಕ್ಲಿಪ್ಪು. ಕಣ್ಣು ಮುಚ್ಚುವ ಸ್ವಾತಂತ್ರ್ಯ ಹೋದಾಗ ಮನುಷ್ಯನಿಗೆ ಏನಾಗುತ್ತದೆ ಎಂದು ನಾನು ಮೊದಲು ಯೋಚಿಸಿದ್ದೇ ಇಲ್ಲ. ಕಡಲಿನಲ್ಲಿ ದೊಡ್ಡ ಅಲೆ ಬಂದಾಗಲೂ ಕಣ್ಣು ಮುಚ್ಚುವುದೊಂದು ಇತ್ತು.

"ಮೇಲೆ ನೋಡಿ, ಅಲುಗಾಡಬೇಡಿ" ಅಂದರು ಡಾಕ್ಟರಮ್ಮ. ಮೇಲೆ ನೋಡಿದೆ. ಒಂದು ಒತ್ತಡ, ನೋವಲ್ಲ. ಮರುಕ್ಷಣ ನನ್ನ ನೋಟದ ಒಳಗೇ ಹೊಗೆ ಸುರುಳಿ ಸುರುಳಿಯಾಗಿ ಇಳಿಯಿತು, ಜೊತೆಗೆ ಕರಿ ಗುಂಡುಗಳು. "ಆಯ್ತು" ಅಂದರು. ನನಗೆ ಅನಿಸಿದ್ದು, ಕಣ್ಣೇ ಮುಗಿದುಹೋಯ್ತು ಎಂದು. ನರ್ಸ್ ನನ್ನ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ನಾನು ಹಿಡಿದಿದ್ದದ್ದು ಅವಳ ಕೈ.

ಮುಟ್ಟಬಾರದು, ಉಜ್ಜಬಾರದು, ಕೆಲವು ದಿನ ನೀರು ತಾಗಿಸಬಾರದು, ಕೆಂಪಾದರೆ ನೋವಾದರೆ ಕೂಡಲೇ ಬರಬೇಕು ಎಂದು ಹೇಳಿ ಕಳಿಸಿದರು. ಸೊಸೆ ಅದನ್ನೇ ಮನೆಯಲ್ಲಿ ಮತ್ತೆ ಮತ್ತೆ ಹೇಳಿದಳು. ನಾನು ತಲೆ ಅಲ್ಲಾಡಿಸಿದೆ. ಆದರೆ ನನ್ನ ಹೆಬ್ಬೆರಳಿಗೆ ಅದು ಕೇಳಿಸಲಿಲ್ಲ.

ಹೆಬ್ಬೆರಳಿನ ಕಥೆ ಹೇಳಬೇಕು. ಏಲಂ ಕೂಗುವ ಮೊದಲು ನಾನು ಬುಟ್ಟಿಯ ಅಡಿಯಿಂದ ಒಂದು ಮೀನು ಎತ್ತಿ, ಹೆಬ್ಬೆರಳಿನಿಂದ ಅದರ ಕಣ್ಣು ಒತ್ತಿ ನೋಡುತ್ತಿದ್ದೆ. ಇವತ್ತಿನ ಮೀನಾದರೆ ಕಣ್ಣು ಗಟ್ಟಿ, ಒತ್ತಿದರೆ ತಿರುಗಿ ಬೆರಳನ್ನು ನೂಕುತ್ತದೆ. ಹಳೆಯದಾದರೆ ಒಳಗೆ ಕುಸಿಯುತ್ತದೆ, ಕುಸಿದದ್ದು ಮೇಲೆ ಬರುವುದಿಲ್ಲ. ಅಂಜಲ್ ಆಗಲಿ ಮಾಂಜಿ ಆಗಲಿ, ಬೆಲೆ ಹೇಳುವುದು ಆ ಒಂದು ಒತ್ತಿನಲ್ಲಿ. ಅಷ್ಟು ವರ್ಷ ಅದನ್ನೇ ಮಾಡಿದ ಬೆರಳು. ಇಂಜೆಕ್ಷನ್ ಆದ ಮರುದಿನ ಬೆಳಿಗ್ಗೆ ಎಚ್ಚರವಾದಾಗ, ಕಣ್ಣು ತೆರೆಯಲು ಧೈರ್ಯ ಸಾಲದೆ, ಮುಚ್ಚಿದ ರೆಪ್ಪೆಯ ಮೇಲೆ ಬೆರಳು ತಾನಾಗಿ ಹೋಗಿ ಒತ್ತಿತು. ಗಟ್ಟಿ ಉಂಟು. ತಿರುಗಿ ನೂಕುತ್ತದೆ. ಹಾಗಾದರೆ ಸತ್ತಿಲ್ಲ. ಆಮೇಲೆಯೇ ಕಣ್ಣು ತೆರೆದೆ.

ದಿನಾ ಬೆಳಿಗ್ಗೆ ಅದೇ ಆಯಿತು. ಎರಡನೆಯ ಇಂಜೆಕ್ಷನ್ ಆದಾಗಲೂ ಹಾಗೆ. ಸರಳುಗಳ ಹೊಟ್ಟೆ ಇಳಿಯುತ್ತಾ ಬಂದಿತ್ತು. ಡಾಕ್ಟರಮ್ಮ ಫೋಟೋ ನೋಡಿ ನೀರು ಕಡಿಮೆಯಾಗಿದೆ ಅಂದರು. ಆದರೂ ನನ್ನ ಪೋಡಿಗೆ ಇಳಿಯಲಿಲ್ಲ. ಹೊಟ್ಟೆಯಲ್ಲಿ ಕೂತು ಬೆಳಿಗ್ಗೆ ಬೆಳಿಗ್ಗೆ ಬೆರಳನ್ನು ಎಬ್ಬಿಸುತ್ತಿತ್ತು.

ಮೂರನೆಯದ್ದು ಆದ ಮರುದಿನ ನಾನು ದಕ್ಕೆಗೆ ಹೋದೆ. ಹೋಗಬಾರದಿತ್ತು, ಆದರೆ ಮನೆಯಲ್ಲಿ ಕುಳಿತರೆ ಹೆದರಿಕೆ ಹೆಚ್ಚು. ಬೂತಾಯಿ ಮೀನು ರಾಶಿ ಬಿದ್ದಿತ್ತು. ಕೈಯಲ್ಲಿ ಎರಡು ಎತ್ತಿ ನೋಡುತ್ತಿದ್ದೆ. ಒದ್ದೆ ನೆಲದ ಮೇಲೆ ಬಿಸಿಲು ಬಿದ್ದು ಒಮ್ಮೆಗೇ ಕಣ್ಣಿಗೆ ಹೊಡೆಯಿತು, ಎಲ್ಲ ಬೆಳ್ಳಗಾಯಿತು. ಹೋಯಿತು ಎಂದುಕೊಂಡೆ. ನಿಂತಲ್ಲೇ, ಅದೇ ಕೈಯಲ್ಲಿ ರೆಪ್ಪೆ ಒತ್ತಿದೆ. ಗಟ್ಟಿ ಇತ್ತು. ಬಿಸಿಲಿಗೆ ಬೆನ್ನು ಹಾಕಿದಾಗ ಎಲ್ಲ ಸರಿಯಾಗಿ ಕಂಡಿತು. ನಲ್ಲಿ ನೀರಿನಲ್ಲಿ ಕೈ ತೊಳೆದು ಮನೆಗೆ ಬಂದೆ, ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಏನಾದರೂ ಆಗಿದೆ ಎಂದು ಅನಿಸಲೇ ಇಲ್ಲ.

ಒಂದೆರಡು ದಿನ ಕಳೆದಿರಬೇಕು. ಬೆಳಿಗ್ಗೆ ಒತ್ತಿದಾಗ ನೋವಾಯಿತು. ಕಣ್ಣು ತೆರೆದರೆ ಅಕ್ಕನ ಮುಖ ಬಿಸಿ ಗಂಜಿಯ ಹಬೆಯ ಆಚೆ ಇದ್ದ ಹಾಗೆ. ಕಿಟಕಿ ಇತ್ತು, ಸರಳು ಇರಲಿಲ್ಲ. ನಾನು ಏನೂ ಆಗದವನ ಹಾಗೆ ಗೋಡೆ ಹಿಡಿದು ಬಚ್ಚಲಿಗೆ ಹೋದೆ.

"ಎಂತ, ಗೋಡೆಗೆ ಬಣ್ಣ ಹಚ್ಚುತ್ತಾ ಹೋಗುದಾ?" ಅಂದಳು ಅಕ್ಕ. ಮತ್ತೆ ಹತ್ತಿರ ಬಂದು ಗಲ್ಲ ಎತ್ತಿ ನೋಡಿದಳು. "ದೇವರೇ, ಕೆಂಡದ ಹಾಗೆ ಉಂಟು. ಯಾವಾಗಿಂದ?"

"ಈಗ. ಗಾಳಿಗೆ ಇರಬೇಕು."

"ನಂದಿಬಟ್ಟಲು ಹೂವಿನ ನೀರು ಬಿಡ್ತೇನೆ" ಎಂದು ಅಂಗಳಕ್ಕೆ ಹೋಗುವವಳು ಅರ್ಧದಲ್ಲೇ ನಿಂತಳು. ಅಲ್ಲಿಂದಲೇ ಮಗಳಿಗೆ ಫೋನ್ ಮಾಡುವುದು ನನಗೆ ಕೇಳಿಸಿತು. ಹೂವು ಕೊಯ್ಯಲಿಲ್ಲ. ಆವತ್ತು ಅವಳು ಆ ಹೂವಿನ ನೀರು ಬಿಡದಿದ್ದದ್ದಕ್ಕೆ ನಾನು ಈಗಲೂ ಅವಳಿಗೆ ಕೈ ಮುಗಿಯಬೇಕು.

ಆಗಷ್ಟೇ ಕಾಲೇಜು ಮುಟ್ಟಿದ್ದ ಸೊಸೆ ಹೋದ ದಾರಿಯಲ್ಲೇ ಸ್ಕೂಟರ್ ತಿರುಗಿಸಿಕೊಂಡು ಬಂದಳು. ಹೆಲ್ಮೆಟ್ ತೆಗೆಯದೆಯೇ ಒಳಗೆ ಬಂದು ಮೊಬೈಲಿನ ಬೆಳಕು ಹಿಡಿದಳು. ಬೆಳಕು ಒಂದು ಈಟಿಯ ಹಾಗೆ ತಾಗಿತು.

"ಮಾವ, ಮುಟ್ಟಿದ್ರಾ?"

ಸುಳ್ಳು ಹೇಳುವ ಶಕ್ತಿ ಇರಲಿಲ್ಲ. "ಒತ್ತಿ ನೋಡ್ತೇನೆ ದಿನಾ. ಗಟ್ಟಿ ಉಂಟಾ ಅಂತ."

"ಒತ್ತಿ?"

"ಮೀನು ನೋಡಿದ ಹಾಗೆ" ಅಂದೆ.

ಅಕ್ಕ ಶುರುಮಾಡಿದಳು. "ಎಂತ ಮನುಷ್ಯ ನೀನು! ಕಿವಿಯ ಹತ್ತಿರ ಕಿವಿರು ಉಂಟಾ ಅಂತಲೂ ಎತ್ತಿ ನೋಡಬೇಕಿತ್ತು! ಮಂಜುಗಡ್ಡೆ ಸುರಿದುಕೊಳ್ಳಬೇಕಿತ್ತು ಮೈಮೇಲೆ!" ಎಂದು ಬೈಯುತ್ತಾ ಬೈಯುತ್ತಾ ಅಳುತ್ತಿದ್ದಳು. ಸೊಸೆ ಮಾತ್ರ ಬೈಯಲಿಲ್ಲ. ನನ್ನ ಕಾಲಿಗೆ ಚಪ್ಪಲಿ ಸಿಕ್ಕಿಸಿ, "ಏಳಿ, ಈಗಲೇ ಹೋಗುವ" ಅಂದಳು. ಚಪ್ಪಲಿ ಅದಲುಬದಲಾಗಿತ್ತು.

ರಿಕ್ಷಾದಲ್ಲಿ ನಾನು ನಡುವೆ, ಅವರಿಬ್ಬರು ಎರಡು ಬದಿ. ನಂತೂರಿನಲ್ಲಿ ಗಾಡಿಗಳು ನಿಂತುಬಿಟ್ಟವು. ಹಾರ್ನ್‌ಗಳ ನಡುವೆ ನಾನು ಕಣ್ಣು ಮುಚ್ಚಿಕೊಂಡು, ಇನ್ನು ಮುಂದೆ ಹೀಗೆಯೇ ಎಂದು ಅಭ್ಯಾಸ ಮಾಡಿದೆ. ಇದು ಏರು, ಇದು ತಿರುವು, ಇದು ಬಸ್ಸಿನ ಹೊಗೆ. ಮಲ್ಲಿಕಟ್ಟೆಯ ಹೂವಿನ ಅಂಗಡಿಗಳ ಹತ್ತಿರ ಮಲ್ಲಿಗೆಯ ವಾಸನೆ ಬರಬೇಕು ಎಂದುಕೊಂಡೆ, ಬರಲಿಲ್ಲ. ಅಷ್ಟರಲ್ಲಿ ಎಲ್ಲಿದ್ದೇನೆ ಎಂಬುದೇ ತಪ್ಪಿಹೋಯಿತು. ಹುಟ್ಟಿ ಬೆಳೆದ ಊರಿನಲ್ಲಿ ದಾರಿ ತಪ್ಪಿದವನ ಹಾಗೆ, ನನ್ನ ಎರಡೂ ಕೈಗಳು ಎರಡು ಬದಿಯ ಸೀರೆಯನ್ನೋ ದುಪಟ್ಟಾವನ್ನೋ ಹಿಡಿದುಕೊಂಡವು.

"ಮಗಾ, ಒಳಗೆ ಎಂತ ಆಗಿರಬಹುದು?" ಎಂದು ಕೇಳಿದೆ.

ಸೊಸೆ ನನ್ನ ಕಿವಿಯ ಹತ್ತಿರ ಬಗ್ಗಿದಳು. "ಇನ್‌ಫೆಕ್ಷನ್ ಇರಬಹುದು ಅಂತ ಹೆದರಿಕೆ. ಸೂಜಿಯ ದಾರಿಯಲ್ಲೋ ಹೇಗೋ ರೋಗಾಣು ಒಳಗೆ ಹೋಗಿದ್ದರೆ..."

"ಹೋದದ್ದು ಹೊರಗೆ ಬರುವುದಿಲ್ಲವಾ? ಅಳಿವೆಯಿಂದ?"

"ಮದ್ದು ಅಲ್ಲಿ ತುಂಬ ದಿನ ಉಳೀತದೆ ಅಂತ ಖುಷಿಯಲ್ಲಿ ತೋರಿಸಿದವಳು ನಾನೇ ಮಾವ" ಅಂದಳು. ಸ್ವರ ತೆಳ್ಳಗಾಗಿತ್ತು. "ಕೆಟ್ಟದ್ದೂ ಹಾಗೆಯೇ ಉಳೀತದೆ. ಮದ್ದಾದರೆ ದಿನದಿಂದ ದಿನಕ್ಕೆ ಕಡಿಮೆ ಆಗ್ತದೆ. ಇದು ಹೆಚ್ಚುತ್ತದೆ. ಅಲ್ಲಿ ರಕ್ತ ಓಡುದಿಲ್ಲ, ಹೊರಗಿನಿಂದ ಸಹಾಯ ಬೇಗ ಹೋಗುದಿಲ್ಲ."

ರಿಕ್ಷಾದವರು ತಿರುಗಿ ನೋಡಿರಬೇಕು. "ಅಣ್ಣ, ಪೋಡ್ಯೊಡ್ಚಿ, ನಾನು ಒಳರಸ್ತೆಯಲ್ಲಿ ಹಾಕ್ತೇನೆ" ಎಂದು ಗಾಡಿಯನ್ನು ಎಲ್ಲಿಯೋ ಸಂದಿಗೆ ನುಗ್ಗಿಸಿದರು. ಹೆದರಬೇಡ ಎಂದು ತುಳುವಿನಲ್ಲಿ ಯಾರಾದರೂ ಹೇಳಿದರೆ ನನಗೆ ಸಾಧಾರಣವಾಗಿ ಸಮಾಧಾನವಾಗುತ್ತದೆ. ಅವತ್ತು ಆಗಲಿಲ್ಲ.

ಡಾಕ್ಟರಮ್ಮ ನೋಡಿದ್ದು ಒಂದು ನಿಮಿಷವೂ ಇರಲಿಕ್ಕಿಲ್ಲ. ನಾಲಿಗೆಗೆ ಬಾರದ ಒಂದು ಹೆಸರು ಹೇಳಿ, ಅದು ಇರಬಹುದು ಅಂದರು. ಒಳಗಿನ ಲೋಳೆಯ ಒಂದು ಹನಿ ತೆಗೆದು ಪರೀಕ್ಷೆಗೆ ಕಳಿಸಬೇಕು. ಫಲಿತಾಂಶಕ್ಕೆ ಕಾಯದೆ ಈಗಲೇ ಆ್ಯಂಟಿಬಯಾಟಿಕ್ ಒಳಗೆ ಹಾಕಬೇಕು. ಮತ್ತೆ ಸೂಜಿ, ಈ ಸಲ ಒಂದಲ್ಲ.

"ನಾನು ಒತ್ತಿದ್ದಕ್ಕಾ ಇದು ಆದದ್ದು?" ಎಂದು ಕೇಳಿದೆ.

"ಗೊತ್ತಿಲ್ಲ. ಒತ್ತದೆಯೂ ಆಗುವುದುಂಟು, ಅಪರೂಪಕ್ಕೆ. ಅದು ಆಮೇಲೆ. ಈಗ ಮಲಗಿ."

ಆ ಸಲದ ನೋವನ್ನು ನಾನು ಬರೆಯುವುದಿಲ್ಲ. ಮರಗಟ್ಟುವ ಮದ್ದು ಉರಿಯುವ ಕಣ್ಣಿಗೆ ಸರಿಯಾಗಿ ಹಿಡಿಯುವುದಿಲ್ಲ ಎಂದಷ್ಟೇ ಹೇಳುತ್ತೇನೆ. ಮೇಲೆ ನೋಡಿ ಅಂದರು; ಮೇಲೆ ಯಾವುದು ಎಂದು ನನಗೆ ಗೊತ್ತಾಗಲಿಲ್ಲ. ಬಟ್ಟೆಯ ಅಡಿಯಲ್ಲಿ ನಾನು ಜೋರಾಗಿ ಅಜ್ಜಿಯನ್ನು ಕರೆದೆನಂತೆ, ಹೊರಗೆ ಅಕ್ಕನಿಗೆ ಕೇಳಿಸಿತಂತೆ.

ಪಟ್ಟಿ ಕಟ್ಟಿ ವಾರ್ಡಿನಲ್ಲಿ ಮಲಗಿಸಿದರು. ಒಂದು ಕಣ್ಣು ಎಂದೋ ಹೋದದ್ದು, ಇನ್ನೊಂದಕ್ಕೆ ಪಟ್ಟಿ. ಕತ್ತಲೆ ಎನ್ನುವುದು ಕರಿ ಬಣ್ಣ ಎಂದು ತಿಳಿದಿದ್ದೆ. ಅದು ಬಣ್ಣವೇ ಅಲ್ಲ. ಯಾರೋ ಬಂದರೆ ಬಂದವರು ಎಷ್ಟು ದೂರ ಎಂದು ಗೊತ್ತಿಲ್ಲ. ಮಾತು ನಿಂತರೆ ಅವರು ಹೋದರೋ ಇದ್ದಾರೋ ಗೊತ್ತಿಲ್ಲ. ಹಾಗಾಗಿ ನಾನು ಎಲ್ಲರನ್ನೂ ಮಾತಾಡಿಸುತ್ತಲೇ ಇದ್ದೆ. ಪಕ್ಕದ ಹಾಸಿಗೆಯ ಅಜ್ಜನಿಗೆ ಕಡಲಿನ ಕಥೆ, ನರ್ಸಿಗೆ ಏಲಂ ಕೂಗಿ ತೋರಿಸುವುದು. ಎಲ್ಲರೂ ನಕ್ಕರು. ನಗು ಇದ್ದಲ್ಲಿ ಜನ ಇದ್ದಾರೆ ಎಂದು ಗೊತ್ತಾಗುತ್ತಿತ್ತು, ನಾನು ಕಥೆ ಹೇಳಿದ್ದು ಅದಕ್ಕೇ. ಅಕ್ಕ ಊಟ ತಂದು ಮೀನಿನ ಮುಳ್ಳು ಬಿಡಿಸಿ ಬಾಯಿಗಿಟ್ಟಳು. ಮುಳ್ಳು ಬಿಡಿಸುವುದನ್ನು ಅವಳಿಗೆ ಕಲಿಸಿದ್ದು ನಾನು ಎಂದು ಹೇಳಲು ಹೋದೆ. ಅಷ್ಟರಲ್ಲಿ ಇನ್ನೊಂದು ತುತ್ತು ಬಂತು.

ಮಧ್ಯಾಹ್ನ ಅವಳು ಪಾತ್ರೆ ತೊಳೆಯಲು ಹೋದಾಗ ಸೊಸೆ ಹಾಸಿಗೆಯ ಅಂಚಿನಲ್ಲಿ ಕುಳಿತಿದ್ದಳು. ಹಾಸಿಗೆ ಆ ಕಡೆ ತಗ್ಗಿದ್ದರಿಂದ ಗೊತ್ತು.

"ಈಗ ಹಾಕಿದ ಮದ್ದು ಎಷ್ಟು ದಿನ ಉಳೀತದೆ?" ಎಂದು ಕೇಳಿದೆ. "ನಿನ್ನ ಕಂಪ್ಯೂಟರಿನಲ್ಲಿ ಎಂತ ಹೇಳ್ತದೆ?"

"ಇದು ಸಣ್ಣ ಗಾತ್ರದ್ದು ಮಾವ. ಆ್ಯಂಟಿಬಾಡಿಯ ಹಾಗೆ ಅಲ್ಲ, ಬೇಗ ಹೋಗಿಬಿಡ್ತದೆ."

"ಬೇಗ ಹೋದರೆ ಅಷ್ಟರ ಒಳಗೆ ಕೆಲಸ ಆಗ್ತದಾ?"

ಹಾಸಿಗೆ ಸ್ವಲ್ಪ ಅಲುಗಿತು. ಅವಳು ಅಳುತ್ತಿದ್ದಳೋ ಕೂತ ಭಂಗಿ ಬದಲಿಸಿದಳೋ ನನಗೆ ಕಾಣುವ ಹಾಗಿರಲಿಲ್ಲ.

"ಸಾಕಾಗ್ತದೆ ಅಂತಲೇ ಅಷ್ಟು ಹಾಕುದು. ಬೇಕಾದರೆ ಮತ್ತೆ ಹಾಕ್ತಾರೆ. ನಿಮ್ಮ ಕಣ್ಣಿನಲ್ಲಿ ಎಂತ ಆಗ್ತದೆ ಅಂತ ನನಗೆ ಹೇಳ್ಲಿಕ್ಕೆ ಆಗುದಿಲ್ಲ ಮಾವ. ಬೆಳಿಗ್ಗೆಯಿಂದ ತಲೆಯಲ್ಲಿ ಲೆಕ್ಕ ಹಾಕ್ತಾ ಇದ್ದೇನೆ. ನನ್ನ ಮಾಡೆಲ್‌ನಲ್ಲಿ ಇದು ಇಲ್ಲ. ಊತ ಇಲ್ಲ, ಕೀವು ಇಲ್ಲ. ನೀವು ಇಲ್ಲ."

ಎಷ್ಟೋ ಓದಿದವಳು. ಗೊತ್ತಿಲ್ಲ ಎಂದು ಅವಳು ಹೇಳಿದಾಗ ನನಗೆ ಭಯ ಹೆಚ್ಚಾಗಬೇಕಿತ್ತು. ಆಯಿತು ಕೂಡ. ಆದರೆ ಆ ಭಯದಲ್ಲಿ ನಾನು ಒಬ್ಬನೇ ಇರಲಿಲ್ಲ. ಕೈ ಚಾಚಿದೆ. ಅವಳ ಕೈ ಸಿಗಲಿಲ್ಲ, ಮೊಣಕೈ ಸಿಕ್ಕಿತು. ಅದನ್ನೇ ಹಿಡಿದುಕೊಂಡೆ.

ಪಟ್ಟಿ ಬಿಚ್ಚಿದ ದಿನ ನರ್ಸ್ ರೆಪ್ಪೆ ಒರೆಸಿ, "ತೆರೆಯಿರಿ" ಅಂದಳು. ನಾನು ತೆರೆಯಲಿಲ್ಲ. ಮುಚ್ಚಿದ್ದಷ್ಟು ಹೊತ್ತು ಇನ್ನೂ ಏನೂ ತೀರ್ಮಾನ ಆಗಿಲ್ಲ ಎಂದು. ಅಕ್ಕ, "ತೆರೆ ಮಾರಾಯ, ಎಷ್ಟು ಹೊತ್ತು ಮದುಮಗಳ ಹಾಗೆ ಕೂತುಕೊಳ್ಳುದು?" ಎಂದು ಗದರಿದಳು. ತೆರೆದೆ. ಮಂಜು. ಬೆಳಕಿನ ಮಂಜು. ಅದರೊಳಗೆ ಯಾರದ್ದೋ ಕೈ ಅಲ್ಲಾಡಿತು. ಕೈ ಎಂದು ಗೊತ್ತಾಯಿತು, ಬೆರಳು ಗೊತ್ತಾಗಲಿಲ್ಲ.

ಡಾಕ್ಟರಮ್ಮ ಆಶೆ ಉಂಟು ಅಂದರು. ರೋಗಾಣು ಮದ್ದಿಗೆ ಬಗ್ಗುವ ಜಾತಿಯದ್ದಂತೆ, ಬೇಗ ಬಂದದ್ದು ಒಳ್ಳೆಯದಾಯಿತಂತೆ. ಮನೆಯಲ್ಲಿ ಗಂಟೆಗಂಟೆಗೆ ಹನಿ. ಅಕ್ಕ ಪ್ರತಿ ಸಲ ಹನಿ ಬಿಡುವ ಮೊದಲು ಮೊಣಕೈವರೆಗೆ ಸಾಬೂನು ಹಾಕಿ ಕೈ ತೊಳೆಯುತ್ತಿದ್ದಳು. ನನ್ನ ಎರಡು ಹೆಬ್ಬೆರಳಿಗೂ ಬಟ್ಟೆ ಸುತ್ತಿ ಕಟ್ಟಿದ್ದಳು. ಮಂಜು ಹಲವು ದಿನ ಹಾಗೆಯೇ ಇತ್ತು. ಆಮೇಲೆ ಒಂದು ದಿನ ಅಂಗಳದ ಹಗ್ಗದಲ್ಲಿ ಒಣಹಾಕಿದ ಬಟ್ಟೆಗಳು ಬೇರೆ ಬೇರೆಯಾಗಿ ಕಂಡವು, ಇದು ಸೀರೆ, ಇದು ಪಂಚೆ. ಮತ್ತೊಂದು ದಿನ ಸೀರೆಯ ಅಂಚು ಕಂಡಿತು. ನಡುವೆ ಒಂದು ಮಸಿ ಕಲೆ ಮಾತ್ರ ಹೋಗಲಿಲ್ಲ, ಈಗಲೂ ಉಂಟು. ಓದುವಾಗ ಅಕ್ಷರದ ಮೇಲೆ ಕೂತುಕೊಳ್ಳುತ್ತದೆ, ಸ್ವಲ್ಪ ಓರೆಯಾಗಿ ನೋಡಿದರೆ ಸರಿಯುತ್ತದೆ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಇಷ್ಟೆಲ್ಲ ಆಗುವಾಗ ಹಳೆಯ ರೋಗ ಸುಮ್ಮನೆ ಕುಳಿತಿರಲಿಲ್ಲ. ಮುಂದಿನ ಫೋಟೋದಲ್ಲಿ ಗೆರೆಯ ಅಡಿಯಲ್ಲಿ ಮತ್ತೆ ಗುಳ್ಳೆ.

"ಮತ್ತೆ ಶುರುಮಾಡಬೇಕು" ಅಂದರು ಡಾಕ್ಟರಮ್ಮ. "ಹಾಕದಿದ್ದರೆ ಉಳಿದದ್ದೂ ಹೋಗ್ತದೆ. ಹಾಕಿದರೆ ಮತ್ತೆ ಹಾಗೆ ಆಗುವುದಿಲ್ಲ ಎಂದು ನಾನು ಬರೆದು ಕೊಡಲಿಕ್ಕೆ ಆಗುವುದಿಲ್ಲ. ಆಗುವುದು ತೀರಾ ಅಪರೂಪ, ಅಷ್ಟು ಹೇಳಬಹುದು."

"ಯೋಚಿಸಿ ಹೇಳ್ತೇನೆ" ಎಂದು ಎದ್ದು ಬಂದೆ. ಬಿಜೈಯಲ್ಲಿ ಬಸ್ಸಿಗೆ ಕಾಯುವಾಗ ನನಗೆ ಸೊಸೆಯ ಮೇಲೆ ಸ್ವಲ್ಪ ಸಿಟ್ಟು ಇತ್ತು. ಅವಳಾದರೂ ಹಾಕಿಸಿಕೊಳ್ಳಿ ಎಂದು ಹಟ ಮಾಡಲಿ, ಆಗ ನಾನು ಬೇಡ ಎಂದು ಜಗಳ ಮಾಡಬಹುದು. ಅವಳು ಮಾಡಲಿಲ್ಲ.

ಕೆಲವು ದಿನ ನಾನು ಕಿಟಕಿಯ ಕಡೆ ಬೆನ್ನು ಹಾಕಿಯೇ ಚಹಾ ಕುಡಿದೆ. ಅಕ್ಕ ಅದನ್ನು ನೋಡುತ್ತಿದ್ದಳು. ಒಂದು ಬೆಳಿಗ್ಗೆ ಬಂದು ನನ್ನ ಕುರ್ಚಿಯನ್ನು ನನ್ನ ಸಮೇತ ಎಳೆಯಲು ನೋಡಿ, ಆಗದೆ, ಏದುಸಿರು ಬಿಡುತ್ತಾ ನಿಂತಳು.

"ನನಗೂ ಪೋಡಿಗೆ ಉಂಟು" ಅಂದಳು. "ನಿನಗೆ ಒಬ್ಬನಿಗೇ ಅಂತ ತಿಳಿಬೇಡ. ನನ್ನ ಪ್ರಾಯಕ್ಕೆ ನಿನಗೆ ಮುಳ್ಳು ಬಿಡಿಸಿ ತಿನ್ನಿಸ್ತಾ ಇರ್ಲಿಕ್ಕೆ ನನ್ನಿಂದ ಆಗುದಿಲ್ಲ. ನಾನು ಮೊದಲು ಹೋದರೆ ನಿನಗೆ ಯಾರು ಬಿಡಿಸುದು?"

ಎದ್ದು ಅಂಗಿ ಹಾಕಿಕೊಂಡೆ.

ಮತ್ತೆ ಅದೇ ಮೇಜಿನ ಮೇಲೆ ಮಲಗಿದೆ. ಒಮ್ಮೆ ಕೆಟ್ಟದ್ದು ಕಂಡವನಿಗೆ ಎರಡನೆಯ ಸಲ ಧೈರ್ಯ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಟ್ಟೆ ಹೊದಿಸಿದರು, ಕ್ಲಿಪ್ಪು ಹಾಕಿದರು. "ಒಂದು ನಿಮಿಷ" ಅಂದೆ. ಕಾದರು. "ಇನ್ನೊಂದು ನಿಮಿಷ" ಅಂದೆ. ಅದಕ್ಕೂ ಕಾದರು. ನರ್ಸ್ ತಾನಾಗಿಯೇ ಕೈ ತಂದು ನನ್ನ ಕೈಯೊಳಗೆ ಇಟ್ಟಳು. "ಮೆಲ್ಲ ಹಿಡಿಯಿರಿ, ಆ ಸಲ ನೀಲಿಗಟ್ಟಿತ್ತು" ಅಂದಳು. ನಾನು ಮೇಲೆ ನೋಡಿದೆ.

ಹೊಗೆ ಇಳಿಯಿತು, ಕರಿ ಗುಂಡುಗಳು ತೇಲಿದವು. ಎದ್ದು ಕುಳಿತಾಗ ತಲೆ ತಿರುಗುತ್ತಿತ್ತು. ನರ್ಸ್ ಹಿಡಿದುಕೊಂಡು ಬಾಗಿಲವರೆಗೆ ತಂದು ಬಿಟ್ಟಳು.

ಹೊರಗೆ ಉದ್ದ ಬೆಂಚಿನ ಮೇಲೆ ಅಕ್ಕ ಮತ್ತು ಸೊಸೆ ಕುಳಿತಿದ್ದರು. ನಾನು ಬಂದದ್ದು ಇನ್ನೂ ಅವರಿಗೆ ಗೊತ್ತಾಗಿರಲಿಲ್ಲ. ಅಕ್ಕ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ಸೊಸೆ ಕೆಳತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದಳು. ಇಬ್ಬರ ಮುಖವೂ ಬಿಳಿಚಿಕೊಂಡಿತ್ತು. ನಾನು ಸ್ವಲ್ಪ ಓರೆಯಾಗಿ ನಿಂತು, ತೇಲುವ ಗುಂಡುಗಳ ನಡುವಿನಿಂದ, ಅವರ ಆ ಹೆದರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಸೊಸೆಯ ಹಣೆಯ ಗೆರೆ ಕಂಡಿತು. ಅಕ್ಕನ ಕೆನ್ನೆಯ ಮೇಲೆ ಒರೆಸದೆ ಬಿಟ್ಟ ಒಂದು ಹನಿ ಕಂಡಿತು.

ಕರೆಯದೆ ಇನ್ನೂ ಸ್ವಲ್ಪ ಹೊತ್ತು ನಿಂತೆ, ನೋಡುತ್ತಾ.